ಅಟ್ಟವನ್ನು ಕೋಣೆ ಮಾಡುವುದು: ಪಕ್ಕದ ಇಳಿಜಾರಿಗೆ ಡಾರ್ಮರ್ ಹಾಕಿದರೆ ಮೆಟ್ಟಿಲಿಗೆ ತಲೆ ಎತ್ತರ ಸಿಗುತ್ತದೆಯೇ?

ಹ್ಯಾರೋ ನಿವಾಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ವಾಯವ್ಯ ಲಂಡನ್ನಿನ ಹ್ಯಾರೋದಲ್ಲಿ 1930ರ ದಶಕದ ಜೋಡಿ ಮನೆ. ನಡುಗೋಡೆ ಹಂಚಿಕೊಂಡ ಎರಡು ಮನೆಗಳಲ್ಲಿ ಎಡಗಡೆಯದು ನಮ್ಮದು. ಮೇಲ್ಮಹಡಿಯಲ್ಲಿ ಎರಡು ದೊಡ್ಡ ಕೋಣೆ, ಮುಂಬಾಗಿಲಿನ ನೆತ್ತಿಗೆ ಸರಿಯಾಗಿ ಒಂದು ಚಿಕ್ಕ ಕೋಣೆ. ಶಿವಮೊಗ್ಗದಿಂದ ಅಪ್ಪ ಅಮ್ಮ ಬಂದರೆ ಆರು ತಿಂಗಳು ಇರುತ್ತಾರೆ. ಆಗ ಮಗನಿಗೆ ಚಿಕ್ಕ ಕೋಣೆ, ಮಗಳಿಗೆ ಕೆಳಗಿನ ಸೋಫಾ. ಅವಳಿಗೆ ಈ ವರ್ಷ ಜಿಸಿಎಸ್‌ಇ, ಅಂದರೆ ನಮ್ಮ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆ. ರಾತ್ರಿ ಹನ್ನೊಂದಕ್ಕೆ ಪುಸ್ತಕ ಮಡಚಿ, ಟೀವಿ ಆರುವುದನ್ನೇ ಕಾಯುತ್ತಾ ಹಾಸಿಗೆ ಬಿಡಿಸುವ ಮಗುವನ್ನು ನೋಡಿದರೆ ಸಂಕಟವಾಗುತ್ತದೆ.

ಹಾಗಾಗಿ ಅಟ್ಟವನ್ನು ಕೋಣೆ ಮಾಡಿಸಬೇಕೆಂದಿದ್ದೇವೆ. ನಾನು ಅಳೆದುಕೊಂಡ ಲೆಕ್ಕ ಇಷ್ಟು: ಹಳೆಯ ಜಂತೆಯ ಮೇಲ್ಮೈಯಿಂದ ಮಾಡಿನ ನೆತ್ತಿಯ ಮರದ ಅಡಿಯವರೆಗೆ 2.5 ಮೀಟರ್. ಮನೆ ಮುಂದಿನಿಂದ ಹಿಂದಕ್ಕೆ 6.5 ಮೀಟರ್. ಇಳಿಜಾರು ಸುಮಾರು 38 ಡಿಗ್ರಿ. ಮುಂದೆ, ಹಿಂದೆ ಮತ್ತು ಪಕ್ಕ, ಮೂರೂ ಕಡೆ ಮಾಡು ಇಳಿಯುತ್ತದೆ, ಪಕ್ಕದ್ದು ತ್ರಿಕೋನಾಕಾರ.

ಬಂದು ನೋಡಿದ ಮೂವರು ಮೂರು ಮಾತು ಹೇಳಿದರು. ಮೊದಲನೆಯವರು ಪಕ್ಕದ ಇಳಿಜಾರನ್ನೇ ತೆಗೆದು ಗೋಡೆಯನ್ನು ನೆತ್ತಿಯವರೆಗೆ ಏರಿಸಿ, ಹಿಂದೆ ದೊಡ್ಡ ಡಾರ್ಮರ್ (ಇಳಿಜಾರು ಮಾಡಿನಿಂದ ಪೆಟ್ಟಿಗೆಯಂತೆ ಹೊರಗೆ ಎದ್ದು ನಿಲ್ಲುವ, ನೆಟ್ಟಗಿನ ಮುಖದ ಭಾಗ) ಹಾಕೋಣ ಎಂದರು. ಎರಡನೆಯವರು ಪಕ್ಕದಲ್ಲಿ ಒಂದು ಡಾರ್ಮರ್ ಸಾಕು, ಉಳಿದ ಕಡೆ ಛಾವಣಿ ಕಿಟಕಿ ಕೂರಿಸೋಣ ಎಂದರು. ಮೂರನೆಯವರ ಪ್ರಕಾರ ಡಾರ್ಮರ್ ಏನೂ ಬೇಡ, ಮೆಟ್ಟಿಲಿನ ಮೇಲೆ ಒಂದು ಛಾವಣಿ ಕಿಟಕಿ ಇಟ್ಟರೆ ತಲೆ ತಾಗುವುದಿಲ್ಲ. ಅಂದಾಜು ವೆಚ್ಚದಲ್ಲಿ ಅವರದೇ ಅಗ್ಗ. ನಮ್ಮವಳಿಗೆ ಎರಡನೆಯದು ಇಷ್ಟ, ಏಕೆಂದರೆ ಪಕ್ಕದ ಮನೆಯವರ ಮಾಡಿಗೂ ನಮ್ಮ ಮಾಡಿಗೂ ಜೋಡಿ ಕೆಡುವುದಿಲ್ಲ. ಮಾಡಿಸಿ ಅನುಭವವಿರುವವರು ದಯವಿಟ್ಟು ಹೇಳಿ.

ರೀಡಿಂಗ್ ಅಕ್ಕ

ನಾವು ನಾಲ್ಕು ವರ್ಷದ ಹಿಂದೆ ಇಂಥದ್ದೇ ಮನೆಯಲ್ಲಿ ಪಕ್ಕದ ಡಾರ್ಮರ್ ಮಾಡಿಸಿದೆವು. ಕೋಣೆ ಎಲ್ಲಿ, ಸ್ನಾನದ ಮನೆ ಎಲ್ಲಿ ಎಂದು ಮೇಲಿನಿಂದ ಯೋಚಿಸುತ್ತಾ ಬರಬೇಡಿ. ಮೆಟ್ಟಿಲಿನಿಂದ ಮೇಲಕ್ಕೆ ಯೋಚಿಸಿ. ನಾವು ತಲೆಕೆಳಗಾಗಿ ಶುರು ಮಾಡಿ ಎರಡು ತಿಂಗಳು ಮತ್ತು ಒಂದು ಸೆಟ್ ನಕ್ಷೆಯ ಹಣ ಕಳೆದುಕೊಂಡೆವು.

ಆ ಕಾಲದ ಜೋಡಿ ಮನೆಗಳಲ್ಲಿ ಮೆಟ್ಟಿಲು ಸಾಮಾನ್ಯವಾಗಿ ಹೊರಗಿನ ಪಕ್ಕದ ಗೋಡೆಗೆ ಅಂಟಿಕೊಂಡೇ ಏರುತ್ತದೆ. ಅಟ್ಟಕ್ಕೆ ಹೊಸ ಮೆಟ್ಟಿಲನ್ನು ಅದರ ಮೇಲೆಯೇ ಹೇರಿದರೆ ಮೇಲ್ಮಹಡಿಯ ಜಾಗ ಉಳಿಯುತ್ತದೆ; ಬೇರೆಡೆ ಇಟ್ಟರೆ ಒಂದು ಕೋಣೆ ಸಿಗಲು ಒಂದು ಕೋಣೆ ಹೋಗುತ್ತದೆ. ಆದರೆ ಅದೇ ಪಕ್ಕದ ಗೋಡೆಯ ಮೇಲೆ ಮಾಡು ನೆಲಕ್ಕೆ ಬಾಗಿರುತ್ತದೆ. ನಿಮ್ಮ 38 ಡಿಗ್ರಿಯಲ್ಲಿ ಗೋಡೆಯಿಂದ 80 ಸೆಂಟಿಮೀಟರ್ ಒಳಗೆ ಬಂದರೂ ಮಾಡು ಇರುವುದು ಜಂತೆಯಿಂದ 62 ಸೆಂಟಿಮೀಟರ್ ಮೇಲೆ. ಮೆಟ್ಟಿಲಿನ ಅಗಲವೇ ಅಷ್ಟು. ಮೇಲಿನ ಮೆಟ್ಟಿಲಿಗೆ ಬರುವ ಹೊತ್ತಿಗೆ ನಿಮ್ಮ ಮಂಡಿಯ ಸ್ವಲ್ಪ ಮೇಲೆ ಹೆಂಚು ಇರುತ್ತದೆ. ಛಾವಣಿ ಕಿಟಕಿ ಅಲ್ಲಿ ಏನು ಮಾಡೀತು? ಕಿಟಕಿ ಇಳಿಜಾರಿನಲ್ಲೇ ಮಲಗಿರುತ್ತದೆ, ಹೆಚ್ಚೆಂದರೆ ಪಕಾಸಿನ ದಪ್ಪದಷ್ಟು ಎತ್ತರ ಕೊಟ್ಟೀತು. ಮೂರನೆಯವರು ಟೇಪ್ ಹಿಡಿಯದೆ ಮಾತನಾಡಿದ್ದಾರೆ. ಅವರನ್ನು ಕೈಬಿಡಿ.

ನಿಯಮ: ಮೆಟ್ಟಿಲಿನ ಮೇಲೆ 2 ಮೀಟರ್ ತಲೆ ಎತ್ತರ ಬೇಕು. ಅಟ್ಟದ ಕೆಲಸಕ್ಕೆ ಮಾತ್ರ ಒಂದು ರಿಯಾಯಿತಿ ಇದೆ: ಮೆಟ್ಟಿಲಿನ ಅಗಲದ ನಡುವೆ 1.9 ಮೀಟರ್, ಒಂದು ಅಂಚಿನಲ್ಲಿ 1.8 ಮೀಟರ್ ಇದ್ದರೆ ಒಪ್ಪುತ್ತಾರೆ. ಒಂದು ಮೆಟ್ಟಿಲಿನ ಎತ್ತರ 220 ಮಿಲಿಮೀಟರ್ ಮೀರಬಾರದು, ಕಾಲಿಡುವ ಅಗಲ 220ಕ್ಕಿಂತ ಕಡಿಮೆಯಾಗಬಾರದು, ಒಟ್ಟು ಏರು 42 ಡಿಗ್ರಿ ದಾಟಬಾರದು. ನೆಲದಿಂದ ನೆಲಕ್ಕೆ ಸುಮಾರು 2.65 ಮೀಟರ್ ಎಂದಿಟ್ಟುಕೊಂಡರೆ 204 ಮಿಲಿಮೀಟರಿನ 13 ಏರು ಬರುತ್ತದೆ. ಕಾಲಿಡುವ ಅಗಲ 225 ಇಟ್ಟರೆ ಕೂದಲೆಳೆಯಲ್ಲಿ 42 ಡಿಗ್ರಿ ದಾಟುತ್ತದೆ, 230 ಇಟ್ಟರೆ ಸರಿಹೋಗುತ್ತದೆ. ಅಂದರೆ 2.76 ಮೀಟರ್ ಉದ್ದದ ಮೆಟ್ಟಿಲು. ನಿಮ್ಮ ಹಜಾರದಲ್ಲಿ ಅಷ್ಟು ಉದ್ದ ಸಿಗುತ್ತದೆಯೇ, ಚಿಕ್ಕ ಕೋಣೆಯ ಮೂಲೆ ಕಚ್ಚಬೇಕೇ ಎಂದು ಈಗಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಿ.

ಹ್ಯಾರೋ ನಿವಾಸಿ

ಅಕ್ಕಾ, ತುಂಬಾ ಉಪಕಾರವಾಯಿತು. 2.5 ಮೀಟರ್ ಇರುವಾಗ 2 ಮೀಟರ್ ಧಾರಾಳವಾಗಿ ಸಿಗಬೇಕಲ್ಲವೇ?

ಮಾಡಿನ ಲೆಕ್ಕ

ಸರ್, ನಾನು ಸ್ಟ್ರಕ್ಚರಲ್ ಎಂಜಿನಿಯರ್, ಬರ್ಮಿಂಗ್‌ಹ್ಯಾಮ್‌ನಲ್ಲಿ ಇದೇ ಕೆಲಸ. ಆ 2.5 ಮೀಟರಿನಿಂದ ಕಳೆಯುವುದು ಬಹಳ ಇದೆ.

ನಿಮ್ಮ ಹಳೆಯ ಜಂತೆಗಳು 10 ಸೆಂಟಿಮೀಟರ್ ಆಳದವು. ಅವು ಕೆಳಗಿನ ಕೋಣೆಯ ಸೀಲಿಂಗನ್ನು ಹೊರಲು ಹಾಕಿದ್ದು, ಜನ ಓಡಾಡಲು ಅಲ್ಲ. ಅವುಗಳ ನಡುನಡುವೆ 19.5 ಸೆಂಟಿಮೀಟರ್ ಆಳದ ಹೊಸ ಜಂತೆ ಬರುತ್ತದೆ. ಹೊಸ ಜಂತೆ ಕೆಳಗಿನ ಸೀಲಿಂಗಿನ ಗಾರೆಗೆ ತಾಗಬಾರದು, ತೂಗಿ ಬಾಗಿದಾಗ ಗಾರೆ ಬಿರಿಯುತ್ತದೆ. ಅದಕ್ಕೆ ಎರಡೂವರೆ ಸೆಂಟಿಮೀಟರ್ ಎತ್ತಿ ಕೂರಿಸುತ್ತೇವೆ. ಮೇಲೆ 22 ಮಿಲಿಮೀಟರಿನ ಹಲಗೆ. ಇದೆಲ್ಲ ಸೇರಿದರೆ ಹೊಸ ನೆಲ ಹಳೆಯ ಜಂತೆಗಿಂತ ಸುಮಾರು 14 ಸೆಂಟಿಮೀಟರ್ ಮೇಲೆ ಬರುತ್ತದೆ. ಇನ್ನು ಡಾರ್ಮರಿನ ಚಪ್ಪಟೆ ಛಾವಣಿ: ಮರ 15, ಮೇಲೆ ಹಲಗೆ, ಅದರ ಮೇಲೆ 12 ಸೆಂಟಿಮೀಟರ್ ಶಾಖ ನಿರೋಧಕ, ಹೊದಿಕೆ, ಒಳಗೆ ಪ್ಲಾಸ್ಟರ್‌ಬೋರ್ಡ್. ಎಲ್ಲ ಸೇರಿ 30 ಸೆಂಟಿಮೀಟರಿಗೆ ಕಡಿಮೆಯಿಲ್ಲ. ಇದರ ಮೇಲ್ಮೈ ನೆತ್ತಿಯ ಹೆಂಚಿಗಿಂತ ಎತ್ತರ ಹೋಗುವಂತಿಲ್ಲ. ನೆತ್ತಿಯ ಮರದ ಅಡಿಯಿಂದ ಹೆಂಚಿನ ತುದಿಯವರೆಗೆ ಒಂದು 15 ಸೆಂಟಿಮೀಟರ್ ಸಿಗಬಹುದು, ಅದು ನಿಮ್ಮ ಪಾಲಿನ ಲಾಭ. ಕೂಡಿ ಕಳೆದರೆ 2.2 ಮೀಟರ್. ಡಾರ್ಮರನ್ನು ನೆತ್ತಿಗಿಂತ ಸ್ವಲ್ಪ ತಗ್ಗಿಸಿ ಕೂರಿಸಿದರೆ 2.1. ಸಾಕು, ಆದರೆ ಧಾರಾಳ ಎನ್ನಲಾರೆ. ನೆತ್ತಿ 2.3 ಇದ್ದಿದ್ದರೆ ಈ ಮಾತೇ ಬೇರೆಯಾಗಿರುತ್ತಿತ್ತು.

ನಾನು ಬೆಳೆದದ್ದು ತೀರ್ಥಹಳ್ಳಿ ಕಡೆಯ ಹೆಂಚಿನ ಮನೆಯಲ್ಲಿ. ನಮ್ಮಲ್ಲಿ ಅಟ್ಟ ಎಂದರೆ ಅಡಿಕೆ, ಬೆಲ್ಲ, ಹಳೆಯ ಕಡಾಯಿ. ಜನ ಮಲಗುವುದಾದರೆ ಅದಕ್ಕೆ ಉಪ್ಪರಿಗೆ ಎಂದು ಬೇರೆಯೇ ಹೆಸರಿತ್ತು, ಅದರ ತೊಲೆಗಳೂ ಬೇರೆ. ಅಟ್ಟಕ್ಕೆ ಹಲಗೆ ಹೊದಿಸಿದ ಮಾತ್ರಕ್ಕೆ ಅದು ಉಪ್ಪರಿಗೆಯಾಗುವುದಿಲ್ಲ ಎಂದು ಅಜ್ಜ ಹೇಳುತ್ತಿದ್ದುದನ್ನೇ ನಾನು ಇಲ್ಲಿ ಗಿರಾಕಿಗಳಿಗೆ ದಿನವೂ ಬೇರೆ ಮಾತಿನಲ್ಲಿ ಹೇಳುತ್ತೇನೆ.

ಇನ್ನೊಂದು ಗಮನಿಸಿ. ಈ ಮಾಡುಗಳಲ್ಲಿ ಪಕಾಸುಗಳ ನಡುಬೆನ್ನಿಗೆ ಒಂದು ಅಡ್ಡತೊಲೆ ಇರುತ್ತದೆ, ಅದನ್ನು ಓರೆಗಂಬಗಳು ಒಳಗಿನ ಗೋಡೆಯ ಮೇಲೆ ಊರಿ ಹಿಡಿದಿರುತ್ತವೆ. ಕೋಣೆ ಮಾಡಲು ಅವೇ ಅಡ್ಡ. ಅವಸರದ ಕೆಲಸದವರು ಉಕ್ಕಿನ ತೊಲೆ ಬರುವ ಮೊದಲೇ ಓರೆಗಂಬ ಕತ್ತರಿಸುತ್ತಾರೆ. ಅಂದೇ ಏನೂ ಆಗುವುದಿಲ್ಲ. ಎರಡು ವಾರದಲ್ಲಿ ಮಾಡಿನ ಬೆನ್ನು ಕುಗ್ಗಿ ಮಲಗುವ ಕೋಣೆಯ ಸೀಲಿಂಗಿನಲ್ಲಿ ಬಿರುಕು ಕಾಣಿಸುತ್ತದೆ. ಉಕ್ಕು ಕೂರಬೇಕು, ಅದರ ಮೇಲೆ ಹೊಸ ನೆಲ, ಅದರ ಮೇಲೆ ಪಕಾಸಿಗೆ ಆಸರೆಯ ಗಿಡ್ಡಗೋಡೆ, ಆಮೇಲೆ ಓರೆಗಂಬಕ್ಕೆ ಗರಗಸ. ಈ ಕ್ರಮವನ್ನು ಕರಾರಿನಲ್ಲೇ ಬರೆಸಿ.

ನಕ್ಷೆ ಪರಿಶೀಲಕ

ಕೌನ್ಸಿಲಿನ ಅನುಮತಿಯ ವಿಷಯಕ್ಕೆ ಬರುತ್ತೇನೆ. ಇದು ಇಂಗ್ಲೆಂಡಿಗೆ ಮಾತ್ರ ಅನ್ವಯ. ಸ್ಕಾಟ್ಲೆಂಡ್, ವೇಲ್ಸ್‌ನವರು ತಮ್ಮ ನಿಯಮ ನೋಡಿಕೊಳ್ಳಿ.

ಅರ್ಜಿ ಹಾಕದೆ ಕಟ್ಟುವ ಹಕ್ಕಿಗೆ ಇಲ್ಲಿ ಪರ್ಮಿಟೆಡ್ ಡೆವಲಪ್‌ಮೆಂಟ್ ಎನ್ನುತ್ತಾರೆ. 2015ರ ಆದೇಶದ ಬಿ ವರ್ಗದಲ್ಲಿ ಛಾವಣಿ ವಿಸ್ತರಣೆ ಬರುತ್ತದೆ. ಜೋಡಿ ಮನೆಗೆ ಮತ್ತು ಒಂಟಿ ಮನೆಗೆ 50 ಘನ ಮೀಟರ್, ಸಾಲು ಮನೆಗೆ 40. ಹಿಂದಿನ ಮಾಲೀಕರು ಏನಾದರೂ ಸೇರಿಸಿದ್ದರೆ ಅದೂ ಇದರಲ್ಲೇ ಲೆಕ್ಕ. ಮೂಲ ನೆತ್ತಿಗಿಂತ ಎತ್ತರ ಹೋಗಬಾರದು. ಹೊರಗೋಡೆಯ ಮುಖ ದಾಟಿ ಚಾಚಬಾರದು. ಸೂರಿನ ಹೊರ ಅಂಚಿನಿಂದ ಇಳಿಜಾರಿನ ಉದ್ದಕ್ಕೆ ಅಳೆದು ಸಾಧ್ಯವಾದ ಮಟ್ಟಿಗೆ ಕನಿಷ್ಠ 20 ಸೆಂಟಿಮೀಟರ್ ಹಿಂದೆ ಇರಬೇಕು. ಹೊದಿಕೆ ಹಳೆಯದನ್ನು ಹೋಲಬೇಕು. ಪಕ್ಕಕ್ಕೆ ಮುಖ ಮಾಡಿದ ಕಿಟಕಿಗೆ ಮಬ್ಬು ಗಾಜು. ಕೋಣೆಯ ನೆಲದಿಂದ 1.7 ಮೀಟರಿಗಿಂತ ಕೆಳಗಿನ ಭಾಗ ತೆರೆಯುವಂತಿಲ್ಲ. ಫ್ಲಾಟ್‌ಗಳಿಗೆ ಈ ಹಕ್ಕು ಇಲ್ಲವೇ ಇಲ್ಲ. ಹಳೆಯ ಕಟ್ಟಡಗಳ ಚಹರೆ ಕಾಪಾಡಲು ಗುರುತಿಸಿದ ಸಂರಕ್ಷಿತ ಪ್ರದೇಶದಲ್ಲೂ ಇಲ್ಲ.

ಹ್ಯಾರೋದವರ ಲೆಕ್ಕ ಹಾಕಿ ನೋಡಿದೆ. ಪಕ್ಕದ ಇಳಿಜಾರನ್ನು ಪೂರ್ತಿ ಗೋಡೆ ಮಾಡಿದರೆ ಆಗುವ ಗಾತ್ರ ಎಂದರೆ ಉದ್ದ, ಎತ್ತರ, ಇಳಿಜಾರಿನ ಚಾಚು ಮೂರನ್ನೂ ಗುಣಿಸಿ ಆರರಿಂದ ಭಾಗಿಸುವುದು. 6.5, 2.5 ಮತ್ತು 3.2 ಹಾಕಿದರೆ ಸುಮಾರು 9 ಘನ ಮೀಟರ್. ಹಿಂದಿನ ಡಾರ್ಮರ್ ಒಂದು 15. ಎರಡೂ ಸೇರಿ ಮಿತಿಯ ಅರ್ಧವೂ ಆಗುವುದಿಲ್ಲ. ಪಕ್ಕದ ಡಾರ್ಮರ್ ಮಾತ್ರವಾದರೆ ಇನ್ನೂ ಕಡಿಮೆ. ಗಾತ್ರದ ಚಿಂತೆ ನಿಮಗಿಲ್ಲ.

ನನಗೆ ಕಾಣುವ ತೊಡಕು ಬೇರೆ, ಅದನ್ನು ಹೆಚ್ಚಿನ ನಕ್ಷೆಗಾರರು ತಡವಾಗಿ ನೋಡುತ್ತಾರೆ. ನಿಮ್ಮ ಪಕ್ಕದ ಇಳಿಜಾರು ತ್ರಿಕೋನ. ಮೇಲೆ ಹೋದಷ್ಟೂ ಕಿರಿದಾಗುತ್ತದೆ. ಎರಡು ಮೀಟರ್ ಚಿಲ್ಲರೆ ಎತ್ತರದ, ಚಪ್ಪಟೆ ನೆತ್ತಿಯ ಪೆಟ್ಟಿಗೆಯನ್ನು ಆ ತ್ರಿಕೋನದ ನಟ್ಟನಡುವೆ ಕೂರಿಸಿದರೆ ಅದರ ಮೇಲಿನ ಮೂಲೆಗಳು ತ್ರಿಕೋನದ ಗೆರೆ ದಾಟಿ ಮುಂದಿನ ಮತ್ತು ಹಿಂದಿನ ಇಳಿಜಾರಿನ ಮೇಲೆ ಬಂದುಬಿಡುತ್ತವೆ. ಹಿಂದೆ ಬಂದರೆ ಅಡ್ಡಿಯಿಲ್ಲ. ಮುಂದೆ, ರಸ್ತೆಗೆ ಮುಖ ಮಾಡಿದ ಇಳಿಜಾರಿನ ಮೇಲೆ ಒಂದು ಅಂಗುಲ ಎದ್ದರೂ ಅರ್ಜಿಯಿಲ್ಲದೆ ಕಟ್ಟುವ ಹಕ್ಕು ಹೋಯಿತು. ನಿಮ್ಮ ಅಳತೆಯಲ್ಲಿ, ಹೊಸ ನೆಲದಿಂದ ತನ್ನ ಛಾವಣಿಯ ಮೇಲ್ಮೈಯವರೆಗೆ 2.2 ಮೀಟರ್ ಎತ್ತರದ ಡಾರ್ಮರಿನ ಮುಂಗೆನ್ನೆ, ಅಂದರೆ ರಸ್ತೆ ಕಡೆಯ ಅದರ ಬದಿಗೋಡೆ, ನೆತ್ತಿಯ ಗೆರೆಯಿಂದ 40 ಸೆಂಟಿಮೀಟರಿಗಿಂತ ಮುಂದಕ್ಕೆ ಬರುವಂತಿಲ್ಲ. ಹಾಗಾಗಿ ಡಾರ್ಮರ್ ನಡುವೆ ಅಲ್ಲ, ಹಿಂದಕ್ಕೆ ಸರಿದಿರಬೇಕು. ನಿಮ್ಮ ಎರಡನೆಯ ನಕ್ಷೆಗಾರರು ಅದನ್ನು ಎಲ್ಲಿಟ್ಟಿದ್ದಾರೆ?

ಹ್ಯಾರೋ ನಿವಾಸಿ

ಈಗಷ್ಟೇ ನಕ್ಷೆ ತೆಗೆದು ನೋಡಿದೆ. ನಟ್ಟನಡುವೆ. 2.4 ಮೀಟರ್ ಅಗಲ.

ನಕ್ಷೆ ಪರಿಶೀಲಕ

ಅಂದರೆ ಮುಂಗೆನ್ನೆ ನೆತ್ತಿಯಿಂದ 1.2 ಮೀಟರ್ ಮುಂದಿದೆ. ಅಲ್ಲಿ ನಿಮ್ಮ ಮುಂದಿನ ಮಾಡಿನ ಎತ್ತರ ಸುಮಾರು 1.6 ಮೀಟರ್ ಮಾತ್ರ. ಪೆಟ್ಟಿಗೆ ಅದರ ಮೇಲೆ ಅರ್ಧ ಮೀಟರಿಗೂ ಹೆಚ್ಚು ಎದ್ದು ನಿಲ್ಲುತ್ತದೆ. ಹೀಗೆ ಕಟ್ಟಿದರೆ ಪೂರ್ಣ ಅರ್ಜಿ ಬೇಕು.

ಆದರೆ ನಿಮಗೆ ಒಂದು ಅನುಕೂಲವಿದೆ. ಹಳೆಯ ಮೆಟ್ಟಿಲು ಮುಂಬಾಗಿಲಿನಿಂದ ಹಿಂದಕ್ಕೆ ಏರುತ್ತಿದ್ದರೆ ಹೊಸದೂ ಹಾಗೆಯೇ ಏರುತ್ತದೆ, ಅದರ ಮೇಲ್ತುದಿ ಮನೆಯ ಹಿಂದಿನ ಅರ್ಧದಲ್ಲಿ ಬರುತ್ತದೆ. ತಲೆ ಎತ್ತರ ಬೇಕಾಗಿರುವುದೂ ಅಲ್ಲಿಯೇ. ಮೆಟ್ಟಿಲಿನ ಕೆಳಗಿನ ಅರ್ಧ ಇನ್ನೂ ಮೇಲ್ಮಹಡಿಯ ಎತ್ತರದಲ್ಲೇ ಇರುವುದರಿಂದ ಅದಕ್ಕೆ ಡಾರ್ಮರ್ ಬೇಕಾಗುವುದೇ ಇಲ್ಲ. ಡಾರ್ಮರನ್ನು ಹಿಂದಕ್ಕೆ ಸರಿಸಿ ಬರೆಯಲು ಹೇಳಿ. ಹಕ್ಕಿನೊಳಗೇ ಇದ್ದರೂ ಕಾನೂನುಬದ್ಧತೆಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಪೂರ್ಣ ಅರ್ಜಿಯ ಅರ್ಧ ಶುಲ್ಕ. ಮನೆ ಮಾರುವ ದಿನ ಕೊಳ್ಳುವವರ ವಕೀಲರು ಕೇಳುವ ಮೊದಲ ಕಾಗದ ಅದು.

ಸರ್‍ರೆ ಸುತ್ತಮುತ್ತ

ನಮ್ಮದು ಸಂರಕ್ಷಿತ ಪ್ರದೇಶದ ಮನೆ, ಹಾಗಾಗಿ ಪೂರ್ಣ ಅರ್ಜಿಯೇ ಹಾಕಬೇಕಾಯಿತು. ಮೊದಲ ಸಲ ತಿರಸ್ಕರಿಸಿದರು. ಡಾರ್ಮರ್ ಪಕ್ಕದ ಇಳಿಜಾರನ್ನೆಲ್ಲ ನುಂಗಿದೆ, ಜೋಡಿ ಮನೆಗಳ ಸಮತೋಲ ಕೆಡಿಸುತ್ತದೆ ಎಂದು ಕಾರಣ. ಆ ದಿನ ಬಹಳ ಸಿಟ್ಟು ಬಂದಿತ್ತು. ಆಮೇಲೆ ರಸ್ತೆಯ ಆಚೆ ನಿಂತು ಆ ಬೀದಿಯ ಮಾಡುಗಳನ್ನು ಒಂದೊಂದಾಗಿ ನೋಡಿದೆ. ಅವರು ಹೇಳಿದ್ದರಲ್ಲಿ ಹುರುಳಿತ್ತು. ನಮ್ಮ ನಕ್ಷೆಯ ಡಾರ್ಮರ್ ಮಾಡಿನ ಮೇಲೆ ಇಟ್ಟ ಫ್ರಿಜ್‌ನಂತಿತ್ತು.

ಎರಡನೆಯ ಸಲ ಅಗಲವನ್ನು ಮೆಟ್ಟಿಲಿಗೆ ಬೇಕಾದಷ್ಟಕ್ಕೇ ಇಳಿಸಿದೆವು. ಚಪ್ಪಟೆ ನೆತ್ತಿ ಬಿಟ್ಟು ಅದಕ್ಕೂ ಮೂರು ಕಡೆ ಇಳಿಯುವ ಪುಟ್ಟ ಮಾಡು ಕೊಟ್ಟೆವು. ಕೆನ್ನೆಗಳಿಗೆ ಹಳೆಯ ಮಾಡಿನಿಂದ ಬಿಚ್ಚಿದ ಮಣ್ಣಿನ ಹೆಂಚನ್ನೇ ತೊಡಿಸಿದೆವು. ಹಿಂದಿನ ಇಳಿಜಾರಿನ ಹೆಂಚನ್ನು ತೆಗೆದು ಇಲ್ಲಿಗೆ ಬಳಸಿ, ಕಾಣದ ಹಿಂಬದಿಗೆ ಹೊಸ ಹೆಂಚು ಹಾಕಿದರು. ಈಗ ರಸ್ತೆಯಿಂದ ನೋಡಿದವರಿಗೆ ಅದು ಮೊದಲಿನಿಂದಲೂ ಇತ್ತು ಅನ್ನಿಸುತ್ತದೆ. ಒಂಬತ್ತು ದಶಕ ಮಳೆ ಕಂಡ ಹೆಂಚಿನ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ. ದಯವಿಟ್ಟು ಅದನ್ನು ಕಸದ ತೊಟ್ಟಿಗೆ ಹಾಕಲು ಬಿಡಬೇಡಿ.

ಹ್ಯಾರೋ ನಿವಾಸಿ

ಹೆಂಚಿನ ಮಾತು ನಮ್ಮವಳಿಗೆ ಓದಿ ಹೇಳಿದೆ, ಅವಳಿಗೆ ಬಹಳ ಹಿಡಿಸಿತು. ಈಗ ನೆರೆಹೊರೆಯ ಪ್ರಶ್ನೆ. ಡಾರ್ಮರ್ ನೋಡುವ ಕಡೆಯ ನೆರೆಯವರು ವಯಸ್ಸಾದ ದಂಪತಿ. ನಾವು ಬಂದ ಮೊದಲ ಚಳಿಗಾಲದಲ್ಲಿ ನಮ್ಮ ಬಾಯ್ಲರ್ ಕೆಟ್ಟಾಗ ಎರಡು ಹೀಟರ್ ತಂದುಕೊಟ್ಟವರು. ಅವರ ಮನಸ್ಸು ನೋಯಿಸಿ ಕೋಣೆ ಕಟ್ಟುವುದು ನನಗೆ ಬೇಡ. ಅವರಿಗೆ ನೋಟಿಸ್ ಕೊಡಬೇಕೇ?

ರೀಡಿಂಗ್ ಅಕ್ಕ

ಇಲ್ಲೊಂದು ವಿಚಿತ್ರವಿದೆ. ಡಾರ್ಮರ್ ಯಾರ ಕಣ್ಣಿಗೆ ಬೀಳುತ್ತದೆಯೋ ಅವರಿಗೆ ನಡುಗೋಡೆ ಕಾಯ್ದೆಯಲ್ಲಿ ಮಾತಿಲ್ಲ. ನೋಟಿಸ್ ಹೋಗಬೇಕಾದ್ದು ಆಚೆಯ, ನಿಮ್ಮ ಮನೆಗೆ ಅಂಟಿಕೊಂಡವರಿಗೆ. ಏಕೆಂದರೆ ಉಕ್ಕಿನ ತೊಲೆಯ ಒಂದು ತುದಿ ಪಕ್ಕದ ಗೋಡೆಯಲ್ಲಿ, ಇನ್ನೊಂದು ತುದಿ ಅವರೊಂದಿಗೆ ಹಂಚಿಕೊಂಡ ಗೋಡೆಯಲ್ಲಿ ಕೂರುತ್ತದೆ. 1996ರ ಕಾಯ್ದೆಯ ಪ್ರಕಾರ ಕೆಲಸಕ್ಕೆ ಎರಡು ತಿಂಗಳು ಮೊದಲು ಬರಹದಲ್ಲಿ ತಿಳಿಸಬೇಕು. 14 ದಿನದೊಳಗೆ ಅವರು ಒಪ್ಪಿ ಬರೆದುಕೊಟ್ಟರೆ ಮುಗಿಯಿತು. ಉತ್ತರ ಬರದಿದ್ದರೆ ಒಪ್ಪಿಲ್ಲ ಎಂದೇ ಲೆಕ್ಕ. ಆಮೇಲೆ ಸರ್ವೇಯರ್ ನೇಮಕ, ಅವರ ಶುಲ್ಕ ಸಾಮಾನ್ಯವಾಗಿ ಕಟ್ಟಿಸುವವರ ತಲೆಗೆ.

ನಾವು ಕಾಗದ ಕಳಿಸುವ ಮೊದಲೇ ಎರಡೂ ಕಡೆಯ ಮನೆಗೆ ಹೋದೆವು. ಯುಗಾದಿಯ ಮರುದಿನ, ಒಬ್ಬಟ್ಟು ಹಿಡಿದುಕೊಂಡು. ನಕ್ಷೆಯನ್ನು ಅವರ ಅಡುಗೆಮನೆಯ ಮೇಜಿನ ಮೇಲೆ ಹರಡಿ, ಸ್ಕ್ಯಾಫೋಲ್ಡಿಂಗ್ ಎಷ್ಟು ವಾರ, ಲಾರಿ ಎಲ್ಲಿ ನಿಲ್ಲುತ್ತದೆ, ಕಿಟಕಿಯಿಂದ ಅವರ ಹಿತ್ತಲು ಕಾಣುವುದಿಲ್ಲ ಎಂದು ಬೆರಳಿಟ್ಟು ತೋರಿಸಿದೆವು. ಅಂಟಿಕೊಂಡ ಮನೆಯಾಕೆಗೆ ಇದ್ದ ಚಿಂತೆ ಒಂದೇ: ಗೋಡೆ ಕೊರೆಯುವಾಗ ಆಕೆಯ ಗಂಡನ ಆಕ್ಸಿಜನ್ ಯಂತ್ರಕ್ಕೆ ಧೂಳು ಬೀಳುತ್ತದೆಯೇ ಎಂದು. ಗೋಡೆ ಕೊರೆಯುವ ಎರಡು ದಿನ ಮೊದಲೇ ತಿಳಿಸುತ್ತೇವೆ, ಅವರು ಕೆಳಗಿನ ಕೋಣೆಯಲ್ಲಿ ಇರಲಿ ಎಂದೆವು. ಅಲ್ಲೇ ಸಹಿ ಹಾಕಿದರು. ನಿಮ್ಮ ಹೀಟರ್ ಕೊಟ್ಟ ದಂಪತಿಗೆ ಕಾಯ್ದೆಯ ನೋಟಿಸ್ ಬೇಕಿಲ್ಲದಿದ್ದರೂ ಮೊದಲು ಅವರ ಮನೆಗೇ ಹೋಗಿ.

ನಕ್ಷೆ ಪರಿಶೀಲಕ

ಪಕ್ಕದ ಕಿಟಕಿಯ ವಿಷಯದಲ್ಲಿ ಬೆಂಕಿಯ ನಿಯಮವೂ ಇದೆ. ಗಡಿಯಿಂದ ಒಂದು ಮೀಟರಿನೊಳಗೆ ಡಾರ್ಮರಿನ ಮುಖ ಬಂದರೆ ಬೆಂಕಿ ತಡೆಯದ ಭಾಗ, ಅಂದರೆ ಸಾಮಾನ್ಯ ಕಿಟಕಿ, ಒಂದು ಚದರ ಮೀಟರಿನಷ್ಟು ಮಾತ್ರ ಇರಬಹುದು. ಮೆಟ್ಟಿಲಿಗೆ ಬೆಳಕು ಬೇಕಷ್ಟೇ, ಒಂದು ಸಣ್ಣ ಮಬ್ಬು ಗಾಜು ಸಾಕು.

ಸ್ಲೌ ಎರಡು ಮಕ್ಕಳ ತಾಯಿ

ಬೆಂಕಿಯ ಮಾತು ಬಂದದ್ದು ಒಳ್ಳೆಯದಾಯಿತು. ನಮಗೆ ಅತಿ ದೊಡ್ಡ ಪೆಟ್ಟು ಬಿದ್ದದ್ದು ಅಲ್ಲಿಯೇ.

ಎರಡು ಅಂತಸ್ತಿನ ಮನೆ ಮೂರು ಅಂತಸ್ತು ಆದಾಗ, ಮೇಲಿನ ನೆಲ ಹೊರಗಿನ ನೆಲಮಟ್ಟದಿಂದ 4.5 ಮೀಟರಿಗಿಂತ ಎತ್ತರ ಬಂದಾಗ ಕಿಟಕಿಯಿಂದ ಹಾರಿ ಪಾರಾಗುವುದನ್ನು ನಿಯಮ ಒಪ್ಪುವುದಿಲ್ಲ. ಅಟ್ಟದಿಂದ ಹೊರಬಾಗಿಲವರೆಗೆ ಇಡೀ ಮೆಟ್ಟಿಲ ದಾರಿ 30 ನಿಮಿಷ ಬೆಂಕಿಗೆ ತಡೆಯುವಂತಿರಬೇಕು. ಆ ದಾರಿಗೆ ತೆರೆಯುವ ಕೋಣೆಗಳಿಗೆಲ್ಲ ಬೆಂಕಿ ತಡೆಯುವ ಬಾಗಿಲು, ಪ್ರತಿ ಅಂತಸ್ತಿನಲ್ಲಿ ವಿದ್ಯುತ್ ಸಂಪರ್ಕದ, ಒಂದು ಕೂಗಿದರೆ ಎಲ್ಲವೂ ಕೂಗುವ ಹೊಗೆ ಎಚ್ಚರಿಕೆ ಗಂಟೆ.

ನಮ್ಮ ಮನೆಯಲ್ಲಿ ಹಿಂದಿನವರು ಹಜಾರದ ಗೋಡೆ ಒಡೆದು ಕೂಡುವ ಕೋಣೆ ದೊಡ್ಡದು ಮಾಡಿದ್ದರು. ಮೆಟ್ಟಿಲು ನೇರ ಸೋಫಾದ ಪಕ್ಕಕ್ಕೆ ಇಳಿಯುತ್ತಿತ್ತು. ನಮ್ಮ ಗುತ್ತಿಗೆದಾರರು ಈ ವಿಷಯ ಬಾಯಿ ಬಿಡಲೇ ಇಲ್ಲ. ಅಟ್ಟದಲ್ಲಿ ನೆಲ ಹಾಕಿ ಮುಗಿಸಿದ ಮೇಲೆ ಬಂದ ಇನ್‌ಸ್ಪೆಕ್ಟರ್ ಕೆಳಗಿಳಿಯುತ್ತಾ ಕೊನೆಯ ಮೆಟ್ಟಿಲಲ್ಲಿ ನಿಂತು ಬಲಕ್ಕೆ ನೋಡಿ, ಈ ಗೋಡೆ ಎಲ್ಲಿ ಎಂದರು. ಅಡುಗೆಮನೆಯಲ್ಲಿ ಬೆಂಕಿ ಬಿದ್ದರೆ ಮೇಲೆ ಮಲಗಿದ ಮಕ್ಕಳು ಹೊಗೆಯೊಳಗೇ ಇಳಿಯಬೇಕು ಎಂದು ಅವರು ಹೇಳಿದ ಕ್ಷಣ ನನಗೆ ಹಣದ ಚಿಂತೆ ಹೋಗಿ ಕೈಕಾಲು ತಣ್ಣಗಾಯಿತು. ಗೋಡೆ ಮತ್ತೆ ಕಟ್ಟಿಸಿದೆವು. ಕೆಲವರು ಗೋಡೆಯ ಬದಲು ನೀರು ಚಿಮ್ಮುವ ಸ್ಪ್ರಿಂಕ್ಲರ್ ಹಾಕಿಸಿ ಒಪ್ಪಿಸುತ್ತಾರೆ, ಆದರೆ ಅದನ್ನು ನಕ್ಷೆಯ ಹಂತದಲ್ಲೇ ಕೇಳಬೇಕು.

ಅದಕ್ಕೇ ಹೇಳುವುದು, ಕಟ್ಟಡ ನಿಯಮ ಪಾಲನೆ ನೋಡುವ ಬಿಲ್ಡಿಂಗ್ ಕಂಟ್ರೋಲ್‌ಗೆ ಬರೀ ಸೂಚನೆ ಕೊಟ್ಟು ಶುರು ಮಾಡಬೇಡಿ. ಪೂರ್ಣ ನಕ್ಷೆ ಕೊಟ್ಟು ಒಪ್ಪಿಗೆ ಪಡೆದೇ ಹೆಂಚಿಗೆ ಕೈ ಹಾಕಿ.

ಹ್ಯಾರೋ ನಿವಾಸಿ

ನಮ್ಮ ಹಜಾರದ ಗೋಡೆ ಇದೆ, ದೇವರ ದಯೆ. ಬಾಗಿಲು ಮಾತ್ರ ಎಲ್ಲ ಹಳೆಯವು.

ಹೌನ್ಸ್ಲೋ ಹಳಬ

ಒಂದು ಕಹಿ ಅನುಭವ ಹೇಳಿಕೊಳ್ಳುತ್ತೇನೆ. 2012ರಲ್ಲಿ ನಾವು ನಾಲ್ಕು ಕೋಣೆಯ ಮನೆ ಎಂದು ನಂಬಿ ಕೊಂಡೆವು. ನಾಲ್ಕನೆಯದು ಅಟ್ಟ. ಮಾರುವಾಗ ತಿಳಿದದ್ದು, ಕೆಲಸ ನಿಯಮದಂತೆ ಮುಗಿದಿದೆ ಎಂದು ಬಿಲ್ಡಿಂಗ್ ಕಂಟ್ರೋಲ್ ಕೊಡುವ ಮುಕ್ತಾಯ ಪ್ರಮಾಣಪತ್ರವೇ ಅದಕ್ಕೆ ಇರಲಿಲ್ಲ. ಕೊಳ್ಳುವವರ ಸರ್ವೇಯರ್ ಅದನ್ನು ಸಾಮಾನು ಇಡುವ ಜಾಗ ಎಂದೇ ಬರೆದರು. 1985ರ ನವೆಂಬರ್ 11ರ ನಂತರ ಮಾಡಿದ ಕೆಲಸಕ್ಕೆ ಹಿಂದಿನಿಂದ ಸಕ್ರಮ ಮಾಡಿಸಿಕೊಳ್ಳಲು ಅವಕಾಶವಿದೆ ಎಂದು ಅರ್ಜಿ ಹಾಕಿದೆವು. ಇನ್‌ಸ್ಪೆಕ್ಟರ್ ಬಂದು ನೆಲದ ಹಲಗೆ ಎತ್ತಿಸಿದರು. ಕೆಳಗೆ ಬರೀ ಹತ್ತು ಸೆಂಟಿಮೀಟರಿನ ಹಳೆಯ ಜಂತೆ. ಹತ್ತು ವರ್ಷ ನನ್ನ ಮಗ ಆ ಹಲಗೆಯ ಮೇಲೆ ಮಲಗಿದ್ದ.

ಹಾಗಾಗಿ ಕೊನೆಯ ಕಂತನ್ನು ಮುಕ್ತಾಯ ಪ್ರಮಾಣಪತ್ರ ಕೈಗೆ ಬಂದ ಮೇಲೆಯೇ ಕೊಡಿ. ಇದನ್ನು ಒಪ್ಪದ ಗುತ್ತಿಗೆದಾರನಿಗೆ ಕೆಲಸ ಕೊಡಬೇಡಿ. ಅಂದಾಜು ಕೇಳುವಾಗ 20 ಶೇಕಡಾ ವ್ಯಾಟ್ ಸೇರಿದೆಯೇ ಎಂದೂ ಕೇಳಿ. ಸ್ನಾನದ ಮನೆಯ ಟೈಲು, ಛಾವಣಿ ಕಿಟಕಿಯ ಪರದೆ, ನೀರಿನ ತೊಟ್ಟಿ ಸ್ಥಳಾಂತರ ಇವೆಲ್ಲ ಹೊರಗಿಟ್ಟು ಅಗ್ಗ ಕಾಣಿಸುವುದು ಹಳೆಯ ರೂಢಿ.

ಮಾಡಿನ ಲೆಕ್ಕ

ನೀರಿನ ತೊಟ್ಟಿ ಎಂದದ್ದಕ್ಕೆ ನೆನಪಾಯಿತು: ಅಟ್ಟದಲ್ಲಿ ಹಳೆಯ ಸಿಮೆಂಟ್ ತೊಟ್ಟಿಯೋ ಹೊಗೆ ಕೊಳವೆಯೋ ಇದ್ದರೆ ಮುಟ್ಟುವ ಮೊದಲು ಕಲ್ನಾರು ಪರೀಕ್ಷೆ ಮಾಡಿಸಿ. ಬಾವಲಿಯ ಹಿಕ್ಕೆ ಕಂಡರೆ ಕೆಲಸ ನಿಲ್ಲಿಸಿ ತಜ್ಞರನ್ನು ಕರೆಯಿರಿ, ಇಲ್ಲಿ ಬಾವಲಿಯ ಗೂಡು ಕೆಡಿಸುವುದು ಅಪರಾಧ.

ಮಾಡು ತೆರೆದ ವಾರಗಳಿಗೆ ಸ್ಕ್ಯಾಫೋಲ್ಡಿಂಗ್ ಮೇಲೆ ತಾತ್ಕಾಲಿಕ ತಗಡಿನ ಮಾಡು ಹಾಕಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಖರ್ಚು ಹೆಚ್ಚು, ನಿಜ. ಆದರೆ ಒಂದು ರಾತ್ರಿ ಗಾಳಿಗೆ ಟಾರ್ಪಾಲಿನ ಮೂಲೆ ಬಿಚ್ಚಿ, ಬೆಳಿಗ್ಗೆ ಗಿರಾಕಿಯ ಮಲಗುವ ಕೋಣೆಯ ಸೀಲಿಂಗ್ ಹಾಸಿಗೆಯ ಮೇಲೆ ಬಿದ್ದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ತೊಯ್ದ ಗಾರೆ ಮತ್ತು ಹಳೆಯ ಉಣ್ಣೆಯಂಥ ನಿರೋಧಕ ಸೇರಿ ಅಂಬಲಿಯಂತಾಗಿತ್ತು. ಪುಣ್ಯಕ್ಕೆ ಅವರು ಆ ರಾತ್ರಿ ಮನೆಯಲ್ಲಿರಲಿಲ್ಲ.

ರೀಡಿಂಗ್ ಅಕ್ಕ

ಹ್ಯಾರೋದವರೇ, ಒಂದು ಮನೆಯ ಮಾತು. ಹೊಸ ಕೋಣೆಯನ್ನು ಅಪ್ಪ ಅಮ್ಮನಿಗೆ ಎಂದುಕೊಂಡಿದ್ದರೆ ಬೇಡ. 42 ಡಿಗ್ರಿಯ ಮೆಟ್ಟಿಲನ್ನು ರಾತ್ರಿ ಎರಡು ಸಲ ಇಳಿಯುವುದು ಎಪ್ಪತ್ತು ದಾಟಿದ ಮಂಡಿಗೆ ಆಗದ ಮಾತು. ನೀವಿಬ್ಬರು ಮೇಲೆ ಹೋಗಿ, ನಿಮ್ಮ ಈಗಿನ ಕೋಣೆ ಅವರಿಗೆ ಬಿಡಿ. ಮೇಲೆ ಚಳಿಗಾಲ ಚೆನ್ನಾಗಿರುತ್ತದೆ, ಬೇಸಿಗೆಯೇ ಕಷ್ಟ. 2022ರ ಜುಲೈ 19ರಂದು ಈ ದೇಶದಲ್ಲಿ 40 ಡಿಗ್ರಿ ದಾಟಿದ ದಿನ ನಾವು ಅಟ್ಟ ಬಿಟ್ಟು ಕೆಳಗೆ ಚಾಪೆ ಹಾಸಿದ್ದೆವು. ಆಮೇಲೆ ಛಾವಣಿ ಕಿಟಕಿಗೆ ಒಳಗಿನ ಪರದೆಯ ಬದಲು ಹೊರಗಿನ ಪರದೆ ಹಾಕಿಸಿದೆವು. ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು.

ಹ್ಯಾರೋ ನಿವಾಸಿ

ಒಂದು ವಾರದ ಮೇಲೆ ಬರೆಯುತ್ತಿದ್ದೇನೆ. ಭಾನುವಾರ ಮಗಳೂ ನಾನೂ ಸೇರಿ ಹಜಾರದ ನೆಲದ ಮೇಲೆ 2.76 ಮೀಟರ್ ಗೆರೆ ಎಳೆದೆವು. ಚಿಕ್ಕ ಕೋಣೆಯ ಬಾಗಿಲಿನ ಚೌಕಟ್ಟಿಗೆ ಒಂಬತ್ತು ಸೆಂಟಿಮೀಟರ್ ಉಳಿಯಿತು. ಆ ಕೋಣೆ ಬದುಕಿತು. ಆಮೇಲೆ ಅಟ್ಟಕ್ಕೆ ಏಣಿ ಹಾಕಿ, ಮೆಟ್ಟಿಲು ಮುಗಿಯುವ ಜಾಗದಲ್ಲಿ ಗೋಡೆಯಿಂದ 40 ಸೆಂಟಿಮೀಟರ್ ಒಳಗೆ ತೂಗುದಾರ ಬಿಟ್ಟೆವು. ಈಗ ಅಲ್ಲಿ ಮಾಡಿನವರೆಗೆ ಇರುವುದು 31 ಸೆಂಟಿಮೀಟರ್. ಅದು 2.1 ಮೀಟರ್ ಆಗಬೇಕು. ಡಾರ್ಮರ್ ಎಂಬುದು ಏಕೆ ಬೇಕು ಎಂದು ಮಗಳಿಗೆ ಆ ದಾರ ನೋಡಿದ ಕೂಡಲೇ ಅರ್ಥವಾಯಿತು, ನನಗೆ ಒಂದು ತಿಂಗಳು ಹಿಡಿದಿತ್ತು.

ಎರಡನೆಯ ನಕ್ಷೆಗಾರರಿಗೆ ಫೋನ್ ಮಾಡಿ, ಮುಂಗೆನ್ನೆಯನ್ನು ನೆತ್ತಿಯಿಂದ 40 ಸೆಂಟಿಮೀಟರಿನೊಳಗೆ ತನ್ನಿ ಎಂದೆ. ಒಂದು ಕ್ಷಣ ಸುಮ್ಮನಿದ್ದು, ಸರಿ, ಹಿಂದಕ್ಕೆ ಸರಿಸಿ ಬರೆಯುತ್ತೇನೆ ಎಂದರು. ಹೆಂಚು ಬಿಚ್ಚಿ ಜೋಡಿಸಿಡುವುದನ್ನೂ ಬೆಂಕಿ ತಡೆಯುವ ಆರು ಬಾಗಿಲನ್ನೂ ಅಂದಾಜಿನಲ್ಲಿ ಸೇರಿಸಲು ಹೇಳಿದ್ದೇನೆ. ಅಪ್ಪ ಅಮ್ಮನಿಗೆ ನಮ್ಮ ಕೋಣೆ ಎಂದು ತೀರ್ಮಾನವಾಗಿದೆ.

ಶನಿವಾರ ಸಂಜೆ ಹೀಟರ್ ಕೊಟ್ಟ ದಂಪತಿಯ ಮನೆಗೆ ಹೋಗುತ್ತಿದ್ದೇವೆ. ಒಬ್ಬಟ್ಟಿನ ಕಾಲವಲ್ಲ, ನಮ್ಮವಳು ಕೊಬ್ಬರಿ ಮಿಠಾಯಿ ಮಾಡುತ್ತೇನೆ ಎಂದಿದ್ದಾಳೆ. ನಕ್ಷೆಯ ದೊಡ್ಡ ಪ್ರತಿಯೊಂದನ್ನು ಮುದ್ರಿಸಿ ಇಟ್ಟುಕೊಂಡಿದ್ದೇನೆ, ಆ ಅಜ್ಜನಿಗೆ ಕಣ್ಣು ಮಂಜು.